ಬ್ಯಾಕ್ಟೀರಿಯಾಕ್ಕೆ ಮೂರು ಕಿಣ್ವ, ಗಿಡಕ್ಕೆ ಒಂದೇ ಸಾಕು

ರ್‍ಯಾಮ್ನೋಸ್ ಅಂತ ಒಂದು ಸಕ್ಕರೆ ಇದೆ. ಗ್ಲೂಕೋಸ್‌ನಷ್ಟು ಹೆಸರು ಮಾಡಿದ್ದಲ್ಲ. ಆದರೆ ಇದಿಲ್ಲದೆ ಗಿಡದ ಕೋಶಭಿತ್ತಿ ಕಟ್ಟುವುದು ಕಷ್ಟ. ಆ ಭಿತ್ತಿಯಲ್ಲಿರುವ, ಸಕ್ಕರೆಗಳ ಸರಪಳಿಯಾದ ಪೆಕ್ಟಿನ್‌ನ ಒಂದು ಮುಖ್ಯ ಬಗೆಯ ಬೆನ್ನೆಲುಬಿನಲ್ಲಿ ಒಂದು ಬಿಟ್ಟು ಒಂದರಂತೆ ರ್‍ಯಾಮ್ನೋಸ್ ಪೋಣಿಸಿಕೊಂಡಿರುತ್ತದೆ. ಸಾಲ್ಮೊನೆಲ್ಲಾದಂಥ ಹಲವು ಬ್ಯಾಕ್ಟೀರಿಯಾಗಳ ಹೊರಮೈಯಲ್ಲೂ ಇದಿದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಂತೂ ಕೋಶಭಿತ್ತಿಯ ಎರಡು ಪದರಗಳನ್ನು ಬೆಸೆಯುವ ಕೊಂಡಿಯಲ್ಲೇ ಇದು ಕೂತಿದೆ. ಮನುಷ್ಯನ ದೇಹ ಇದನ್ನು ಮಾಡುವುದಿಲ್ಲ. ಹಾಗಾಗಿ ಔಷಧ ಹುಡುಕುವವರ ಕಣ್ಣು ಬ್ಯಾಕ್ಟೀರಿಯಾದಲ್ಲಿ ಇದನ್ನು ತಯಾರಿಸುವ ಕಿಣ್ವಗಳ ಮೇಲಿದೆ. ಅವನ್ನು ತಡೆದರೆ ರೋಗಾಣುವಿಗಷ್ಟೇ ಪೆಟ್ಟು ಎಂಬುದು ಅವರ ಲೆಕ್ಕ.

ಗಿಡವೂ ಬ್ಯಾಕ್ಟೀರಿಯಾವೂ ಈ ಸಕ್ಕರೆಯನ್ನು ಗ್ಲೂಕೋಸ್‌ನಿಂದಲೇ ಮಾಡುತ್ತವೆ. ದಾರಿಯೂ ಹೆಚ್ಚುಕಡಿಮೆ ಒಂದೇ. ಆದರೆ ಆ ದಾರಿಯ ಕಿಣ್ವಗಳು ಎಲ್ಲಿ ಹೋಲುತ್ತವೆ, ಎಲ್ಲಿ ಹೋಲುವುದಿಲ್ಲ ಎಂದು ತಿಳಿಯಲು ನಾಲ್ಕು ದಶಕ ಹಿಡಿಯಿತು.

ಇದರ ಬುಡ ಇರುವುದು ಅರ್ಜೆಂಟೀನಾದಲ್ಲಿ. ಕೋಶದೊಳಗೆ ಸಕ್ಕರೆಗಳು ಒಂದರಿಂದ ಇನ್ನೊಂದಾಗುವಾಗ ಅವಕ್ಕೆ ನ್ಯೂಕ್ಲಿಯೊಟೈಡ್ ಎಂಬ ಹಿಡಿ ಕಟ್ಟಿರುತ್ತದೆ. ಇದನ್ನು 1950ರ ಸುಮಾರಿಗೆ ತೋರಿಸಿಕೊಟ್ಟವರು ಬ್ಯೂನಸ್ ಐರಿಸ್‌ನ ಲೂಯಿಸ್ ಲೆಲ್ವಾರ್. 1970ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. ಹಿಡಿ ಇದ್ದರೇನೇ ಕಿಣ್ವಕ್ಕೆ ಸಕ್ಕರೆ ಕೈಗೆ ಸಿಗುವುದು.

1960ರ ದಶಕದ ಆರಂಭದಲ್ಲಿ ಬ್ಯಾಕ್ಟೀರಿಯಾದ ಲೆಕ್ಕ ಸ್ಪಷ್ಟವಾಗತೊಡಗಿತು. ಈಗ ಅದರ ನಾಲ್ಕು ಕಿಣ್ವಗಳನ್ನು ಆರ್‌ಎಂಎಲ್ ಎ, ಬಿ, ಸಿ, ಡಿ ಎಂದು ಕರೆಯುತ್ತಾರೆ. 'ಎ' ಗ್ಲೂಕೋಸ್‌ಗೆ ಥೈಮಿಡೀನ್ ಎಂಬ ಬಗೆಯ ಹಿಡಿ ಕಟ್ಟುತ್ತದೆ. 'ಬಿ' ಅದರಿಂದ ಒಂದು ನೀರಿನ ಅಣು ಕೀಳುತ್ತದೆ. 'ಸಿ' 3 ಮತ್ತು 5ನೇ ಇಂಗಾಲದಲ್ಲಿರುವ ಗುಂಪುಗಳನ್ನು ಮಗುಚಿಹಾಕುತ್ತದೆ. ಬಲಗೈ ಬಗೆಯ ಸಕ್ಕರೆ ಎಡಗೈ ಬಗೆಯದಾಗುವುದು ಇಲ್ಲೇ. ಕೊನೆಗೆ 'ಡಿ' ಹೈಡ್ರೋಜನ್ ಸೇರಿಸಿ ಕೆಲಸ ಮುಗಿಸುತ್ತದೆ.

ಗಿಡದ ಕಡೆ ಏನಿತ್ತು? ತಂಬಾಕಿನ ಎಲೆಯ ಕಿಣ್ವಗಳು ಇದೇ ಬದಲಾವಣೆ ಮಾಡುತ್ತವೆ ಎಂದು 1963ರಲ್ಲೇ ವರದಿಯಾಗಿತ್ತು. ಹಿಡಿ ಮಾತ್ರ ಬೇರೆ: ಥೈಮಿಡೀನ್ ಬದಲು ಯುರಿಡೀನ್. ಆಮೇಲೆ ಕೆಲಸ ನಿಧಾನವಾಯಿತು. ಎಲೆ ಅರೆದ ರಸದಲ್ಲಿ ಚಟುವಟಿಕೆ ಕಾಣುತ್ತಿತ್ತು, ಕಿಣ್ವವನ್ನು ಬೇರ್ಪಡಿಸಿ ಶುದ್ಧ ಮಾಡಲು ಆಗುತ್ತಿರಲಿಲ್ಲ.

2000ದಲ್ಲಿ ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಹೊರಬಂತು. ಅಲ್ಲಿಂದ ಹುಡುಕಾಟದ ರೀತಿಯೇ ಬದಲಾಯಿತು. ಬ್ಯಾಕ್ಟೀರಿಯಾದ ಜೀನ್ ಇಟ್ಟುಕೊಂಡು ಗಿಡದ ಜೀನೋಮ್‌ನಲ್ಲಿ ಅದರ ನೆಂಟರನ್ನು ಹುಡುಕಬಹುದಾಯಿತು. ಸಿಕ್ಕಿದ್ದು ಆರ್‌ಎಚ್‌ಎಂ ಎಂಬ ಮೂರು ಜೀನ್‌ಗಳು. ಪ್ರತಿಯೊಂದೂ 670ರ ಆಸುಪಾಸು ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನ್ ಮಾಡುತ್ತದೆ. ಮುಂದಿನ ಅರ್ಧ 'ಬಿ'ಯನ್ನು ಹೋಲುತ್ತಿತ್ತು. ಹಿಂದಿನ ಅರ್ಧದಲ್ಲಿ 'ಡಿ'ಯ ಛಾಯೆ ಇತ್ತು. 'ಸಿ'ಯನ್ನು ಹೋಲುವ ಭಾಗ ಎಲ್ಲೂ ಇರಲಿಲ್ಲ!

ನನ್ನ ಮಟ್ಟಿಗೆ ಈ ಕಥೆಯ ಸ್ವಾರಸ್ಯ ಇರುವುದೇ ಇಲ್ಲಿ. ಹೋಲಿಕೆ ಸಿಕ್ಕರೆ ಸುಳಿವು ಸಿಕ್ಕಂತೆ, ಅಷ್ಟೆ. ಹೋಲಿಕೆ ಇಲ್ಲ ಅಂದಮಾತ್ರಕ್ಕೆ ಆ ಕೆಲಸ ನಡೆಯುತ್ತಿಲ್ಲ ಎಂದೇನೂ ಅಲ್ವಲ್ಲ.

ಉತ್ತರ ಬೇರೊಂದು ಚಿಕ್ಕ ಜೀನ್‌ನಿಂದ ಬಂತು. ಆರ್‌ಎಚ್‌ಎಂನ ಹಿಂದಿನ ಅರ್ಧವನ್ನೇ ಕತ್ತರಿಸಿ ಇಟ್ಟಂತಿದ್ದ, ಸುಮಾರು 300 ಅಮೈನೋ ಆಮ್ಲಗಳ ಪ್ರೋಟೀನ್ ಅದರದು. ಅದು 'ಸಿ' ಮತ್ತು 'ಡಿ' ಇಬ್ಬರ ಕೆಲಸವನ್ನೂ ಒಂದೇ ಕಡೆ ಮಾಡುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯಾದ ಥೈಮಿಡೀನ್ ಹಿಡಿ ಇರುವ ಸಕ್ಕರೆ ಕೊಟ್ಟರೂ ಅದು ತಕರಾರು ಮಾಡಲಿಲ್ಲ. ಇಂಥ ಜೋಡಿ ಕೆಲಸ ತೀರಾ ಹೊಸದೂ ಅಲ್ಲ. ಫ್ಯೂಕೋಸ್ ಎಂಬ ಇನ್ನೊಂದು ಸಕ್ಕರೆ ತಯಾರಾಗುವಾಗ ಬ್ಯಾಕ್ಟೀರಿಯಾದಲ್ಲೂ ಮನುಷ್ಯನಲ್ಲೂ ಒಂದೇ ಕಿಣ್ವ ಮಗುಚುವುದನ್ನೂ ಹೈಡ್ರೋಜನ್ ಸೇರಿಸುವುದನ್ನೂ ಮಾಡುತ್ತದೆ.

ಅದೇ ವರ್ಷ ಇನ್ನೊಂದು ದಿಕ್ಕಿನಿಂದ ಪುರಾವೆ ಬಂತು. ಅರಾಬಿಡಾಪ್ಸಿಸ್ ಬೀಜ ನೀರಿಗೆ ಬಿದ್ದರೆ ಸುತ್ತಲೂ ಲೋಳೆ ಕಟ್ಟುತ್ತದೆ. ಆ ಲೋಳೆ ಬಹುಪಾಲು ರ್‍ಯಾಮ್ನೋಸ್ ಇರುವ ಪೆಕ್ಟಿನ್ನೇ. ಲೋಳೆ ಕಡಿಮೆಯಾದ ಒಂದು ಬಗೆಯ ಗಿಡದಲ್ಲಿ ಕೆಟ್ಟಿದ್ದ ಜೀನ್ ಯಾವುದೆಂದು ಹುಡುಕಿದರೆ, ಅದು ಆರ್‌ಎಚ್‌ಎಂ2. ಎರಡು ತಂಡಗಳು ಬೇರೆಬೇರೆಯಾಗಿ ಈ ಜೀನ್‌ನತ್ತ ಬೆರಳು ತೋರಿಸಿದವು. ಆದರೂ ಇದು ಪರೋಕ್ಷ ಸಾಕ್ಷಿ. ಪೂರ್ತಿ ಪ್ರೋಟೀನನ್ನು ಪ್ರಯೋಗಕ್ಕೆ ಹಚ್ಚಿದ್ದು 2007ರಲ್ಲಿ, ಜಪಾನಿನ ತಂಡವೊಂದು. ಅವರು ಜೀನನ್ನು ಯೀಸ್ಟ್‌ಗೆ ಸೇರಿಸಿದರು. ಇಡೀ ಪ್ರೋಟೀನ್ 'ಬಿ', 'ಸಿ', 'ಡಿ'ಗಳ ಮೂರೂ ಹೆಜ್ಜೆ ನಡೆಸಿತು. ಎರಡು ತುಂಡು ಮಾಡಿದಾಗ ಮುಂದಿನದು ಮೊದಲ ಹೆಜ್ಜೆ ಮಾತ್ರ ಇಟ್ಟಿತು, ಹಿಂದಿನದು ಉಳಿದೆರಡನ್ನು ಮಾಡಿತು.

ಹಾಗಾದರೆ ಗಿಡ ಈ ಏರ್ಪಾಡನ್ನು ನೇರವಾಗಿ ಬ್ಯಾಕ್ಟೀರಿಯಾದಿಂದ ಪಡೆಯಿತೇ? ಗಿಡದ ಕೋಶದಲ್ಲಿ ಬೆಳಕಿನಿಂದ ಆಹಾರ ಮಾಡುವ ಕ್ಲೋರೋಪ್ಲಾಸ್ಟ್ ಒಂದು ಕಾಲಕ್ಕೆ ಸ್ವತಂತ್ರ ಸಯನೋಬ್ಯಾಕ್ಟೀರಿಯಾ ಆಗಿತ್ತಲ್ವಾ, ಆದ್ದರಿಂದ ಹೌದು ಎನ್ನುವುದು ಸುಲಭ. ಆದರೆ 2010ರಲ್ಲಿ ಬಂದ ಒಂದು ಅಧ್ಯಯನ ಚಿತ್ರವನ್ನು ಜಾಸ್ತಿ ಗೋಜಲು ಮಾಡಿತು. ಅಮೀಬಾವನ್ನು ಕಾಡುವ ಮಿಮಿವೈರಸ್ ಎಂಬ ದೈತ್ಯ ವೈರಸ್ಸಿನಲ್ಲೂ ರ್‍ಯಾಮ್ನೋಸ್ ಮಾಡುವ ಕಿಣ್ವಗಳು ಸಿಕ್ಕವು. ಅವು ಹಿಡಿಯುವುದು ಗಿಡದ ಹಾಗೆ ಯುರಿಡೀನ್ ಹಿಡಿಯನ್ನು. ಕೆಲಸ ಹಂಚಿಕೊಂಡಿರುವುದೂ ಗಿಡದ ಹಾಗೇ: ಒಂದು ನೀರು ಕೀಳುತ್ತದೆ, ಇನ್ನೊಂದು ಉಳಿದೆರಡೂ ಹೆಜ್ಜೆ ಮುಗಿಸುತ್ತದೆ. ಗಿಡದಲ್ಲಿ ಅಂಟಿಕೊಂಡಿರುವ ಆ ಎರಡು ಅರ್ಧಗಳು ವೈರಸ್ಸಿನಲ್ಲಿ ಮಾತ್ರ ಎರಡು ಬೇರೆಬೇರೆ ಪ್ರೋಟೀನ್‌ಗಳು.