ಡೀಸೆಲ್ ಫಿಲ್ಟರ್: ನಡುವಿನ ತೂತಿಗೆ ಏನೂ ಸುರಿಯಬೇಡಿ

ಟೊಮೆಟೊ ಸೀಸನ್ ಶುರುವಾದರೆ ನಾನು ಗ್ಯಾರೇಜ್ ಬಾಗಿಲನ್ನು ಬೆಳಗಿನ ಜಾವ ನಾಲ್ಕಕ್ಕೇ ತೆಗೆಯುತ್ತೇನೆ. ಕೋಲಾರದ ಎಪಿಎಂಸಿಗೆ ಕ್ರೇಟ್ ತುಂಬಿಕೊಂಡು ಬರುವ ಪಿಕಪ್‌ಗಳು ರಾತ್ರಿಯೆಲ್ಲ ಓಡುತ್ತಿರುತ್ತವೆ. ಒಂದು ದಿನ ಒಬ್ಬ ಹುಡುಗ ಲೋಡ್ ಸಮೇತ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಬಂದ. "ಅಣ್ಣಾ, ನಿನ್ನೆ ಸಂಜೆ ನಾನೇ ಹೊಸ ಡೀಸೆಲ್ ಫಿಲ್ಟರ್ ಹಾಕ್ದೆ. ಒಳ್ಳೇದು ಮಾಡೋಣ ಅಂತ ಹೋಗಿ ಹಿಂಗಾಯ್ತು. ರಾತ್ರಿಯಿಂದ ಮಿಸ್ ಹೊಡೀತಿತ್ತು, ಆಮೇಲೆ ನಿಂತೇ ಹೋಯ್ತು" ಅಂದ.

ಫಿಲ್ಟರ್ ಸರಿಯಾದದ್ದೇ ಇತ್ತು. ಟೈಟ್ ಆಗಿಯೂ ಕೂತಿತ್ತು. ಫಿಲ್ಟರ್ ಬದಲಿಸುವಾಗ ಡೀಸೆಲ್ ಹೋಗುವ ದಾರಿಯಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಅದನ್ನು ತೆಗೆಯಬೇಕು. "ಏರ್ ಹೇಗೆ ತೆಗೆದೆ?" ಅಂತ ಕೇಳಿದೆ. "ಏರ್ ಬರಬಾರದು ಅಂತ ಫಿಲ್ಟರ್‌ಗೆ ಡೀಸೆಲ್ ತುಂಬಿ ಹಾಕ್ದೆ ಅಣ್ಣಾ" ಅಂದ. ಯಾವ ಡೀಸೆಲ್? ಗಾಡಿಯ ಹಿಂದೆ ಕಟ್ಟಿದ್ದ ಕ್ಯಾನಿನದು. ಆ ಕ್ಯಾನಿನ ತಳಕ್ಕೆ ಬಿಳಿ ಬಟ್ಟೆ ಆಡಿಸಿ ತೆಗೆದೆ, ಬಟ್ಟೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು. ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರ್‌ನಲ್ಲಿ ಎರಡು ಟೆಸ್ಟಿಂಗ್‌ನಲ್ಲಿ ಫೇಲ್ ಆದವು. ಕೆಲವು ನೂರು ರೂಪಾಯಿ ಫಿಲ್ಟರ್‌ನ ಕೆಲಸ ಹಲವು ಸಾವಿರಕ್ಕೆ ಹೋಯಿತು. ಟೊಮೆಟೊ ಬೇರೆ ಗಾಡಿಗೆ ಹೋಯಿತು.

ಆ ಹುಡುಗನನ್ನು ನಾನು ಬೈಯಲಿಲ್ಲ. ಅವನಿಗೆ ಹೇಳಿಕೊಟ್ಟವರು ಹಳೆಯ ಕಾಲದ ಪಾಠವನ್ನೇ ಹೇಳಿಕೊಟ್ಟಿದ್ದರು. ನನಗೂ ನನ್ನ ಉಸ್ತಾದರು ಅದನ್ನೇ ಕಲಿಸಿದ್ದು. ಹಳೆಯ ಪಂಪಿನ ಎಂಜಿನ್‌ಗಳು ಒಂದಿಷ್ಟು ಕಸ ಬಂದರೂ ಗೊಣಗಿಕೊಂಡು ಓಡುತ್ತಿದ್ದವು. ಈಗಿನ ಕಾಮನ್ ರೈಲ್ ಎಂಜಿನ್ ಹಾಗಲ್ಲ. ಅದರಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಕೊಡುವ ಒಂದೇ ದಪ್ಪ ಪೈಪು ಇರುತ್ತದೆ, ಅದನ್ನೇ ರೈಲ್ ಅನ್ನುವುದು. ಅದರೊಳಗೆ ಡೀಸೆಲ್ ಒತ್ತಡ 1600 ಬಾರ್ ಮುಟ್ಟುತ್ತದೆ, ಕೆಲವು ಎಂಜಿನ್‌ಗಳಲ್ಲಿ ಅದಕ್ಕಿಂತ ಜಾಸ್ತಿ. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು ಅಂದರೆ ಅಂದಾಜು ಸಿಗುತ್ತದೆ, ಅಲ್ವಾ? ಇಂಜೆಕ್ಟರ್ ಒಳಗಿನ ಸೂಜಿಗೂ ಅದು ಮೇಲೆ ಕೆಳಗೆ ಆಡುವ ತೂತಿನ ಗೋಡೆಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ ಧೂಳಿನ ಕಣವೇ ಅಲ್ಲಿ ಜಲ್ಲಿಕಲ್ಲು ಇದ್ದಂತೆ.

ಡಬ್ಬಿ ಥರ ತಿರುಗಿಸಿ ಹಾಕುವ ಫಿಲ್ಟರ್ ಕೈಯಲ್ಲಿ ಹಿಡಿದು ಮೇಲಿನಿಂದ ನೋಡಿ. ಸುತ್ತಲೂ ಸಣ್ಣ ಸಣ್ಣ ತೂತುಗಳು, ನಡುವೆ ಥ್ರೆಡ್ ಇರುವ ಒಂದು ದೊಡ್ಡ ತೂತು. ಸಾಮಾನ್ಯವಾಗಿ ಡೀಸೆಲ್ ಅಂಚಿನ ತೂತುಗಳಿಂದ ಒಳಗೆ ಹೋಗುತ್ತದೆ, ಪೇಪರ್ ದಾಟಿ ಸೋಸಿಕೊಂಡು ನಡುವಿನ ತೂತಿನಿಂದ ಪಂಪಿಗೆ ಹೋಗುತ್ತದೆ. ಅಂದರೆ ನಡುವಿನ ತೂತು ಸೋಸಿದ ಕಡೆ. ಅಲ್ಲಿಗೆ ನೀವು ಬಾಟಲಿಯಿಂದ ಸುರಿದದ್ದನ್ನು ಇನ್ನು ಯಾರೂ ಸೋಸುವುದಿಲ್ಲ, ನೇರ ಪಂಪು, ನೇರ ಇಂಜೆಕ್ಟರ್. ಫಿಲ್ಟರ್ ಸಾವಿರಾರು ಕಿಲೋಮೀಟರ್ ತಡೆದಿಟ್ಟ ಕಸವನ್ನು ಒಂದೇ ನಿಮಿಷದಲ್ಲಿ ನಾವೇ ಕೈಯಾರೆ ಒಳಗೆ ಬಿಟ್ಟಂತಾಗುತ್ತದೆ. ಹಾಗಾಗಿ ನನ್ನ ಗ್ಯಾರೇಜಿನಲ್ಲಿ ಫಿಲ್ಟರ್ ಖಾಲಿಯೇ ಹಾಕುತ್ತೇವೆ. ತುಂಬುವ ಕೆಲಸ ಹ್ಯಾಂಡ್ ಪ್ರೈಮರ್‌ದು, ಅಂದರೆ ಡೀಸೆಲ್ ಎಳೆಯಲು ಕೈಯಿಂದ ಒತ್ತುವ ಸಣ್ಣ ಪಂಪಿನದು.

ಕೆಲಸ ಶುರು ಮಾಡುವ ಮುಂಚೆ ಎಂಜಿನ್ ತಣ್ಣಗಾಗಿರಬೇಕು, ಕೀ ಆಫ್ ಇರಬೇಕು, ಹತ್ತಿರ ಬೀಡಿ ಸಿಗರೇಟು ಬೇಡ. ಆಮೇಲೆ ಬರುವುದು ಹೆಚ್ಚಿನವರು ಬಿಟ್ಟುಬಿಡುವ ಕೆಲಸ, ಹಳೇ ಫಿಲ್ಟರ್‌ನ ಹೊರಮೈ ಒರೆಸುವುದು. ನಮ್ಮ ಕಡೆ ತೋಟದ ದಾರಿಯಲ್ಲಿ ಓಡಿದ ಗಾಡಿಯ ಫಿಲ್ಟರ್ ತಲೆ ಮೇಲೆ ಧೂಳು, ಆಯಿಲ್ ಸೇರಿ ಒಂದು ಪದರ ಕೂತಿರುತ್ತದೆ. ಪೈಪ್ ಎಳೆದ ತಕ್ಷಣ ಅದೇ ಒಳಗೆ ಉದುರುವುದು. ಮೊದಲು ಬ್ರಷ್ ಹೊಡೆದು, ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಪೈಪ್ ಮುಟ್ಟಿ. ನೂಲು ಬಿಡುವ ವೇಸ್ಟ್ ಬಟ್ಟೆ ಬೇಡ. ಬಿಚ್ಚಿದ ಪೈಪಿನ ಬಾಯಿಗೆ ಶುದ್ಧವಾದ ಪ್ಲಾಸ್ಟಿಕ್ ಕವರ್ ಕಟ್ಟಿ. ಯಾವುದು ಒಳಗೆ ಬರುವ ಪೈಪು, ಯಾವುದು ಹೊರಗೆ ಹೋಗುವುದು ಅಂತ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ತಲೆನೋವಿಲ್ಲ.

ಫಿಲ್ಟರ್ ಕೆಳಗಿರುವ, ನೀರು ಸೇರಿದರೆ ತಿಳಿಸುವ ವಾಟರ್ ಸೆನ್ಸರ್ ಹಳೇ ಫಿಲ್ಟರ್‌ನಿಂದ ಹೊಸದಕ್ಕೆ ಬರಬೇಕಾದರೆ ಅದರ ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ ಮಾತ್ರ ಹೊಸದಿರಲಿ. ರಬ್ಬರ್‌ಗೆ ಬೆರಳಲ್ಲಿ ಒಂದು ಹನಿ ಶುದ್ಧ ಡೀಸೆಲ್ ಸವರಿ. ಒಣ ರಬ್ಬರ್ ಮುದುಡಿಕೊಳ್ಳುತ್ತದೆ. ಫಿಲ್ಟರ್ ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟೇ ಸುತ್ತು ಕೊಡಿ. ಪಾನಾ ಹಾಕಿ ಜಗ್ಗಿದರೆ ಮುಂದಿನ ಸಲ ಬಿಚ್ಚುವಾಗ ಡಬ್ಬಿ ಹರಿದು ಬರುತ್ತದೆ.

ಈಗ ಏರ್ ತೆಗೆಯುವುದು. ಹ್ಯಾಂಡ್ ಪ್ರೈಮರ್ ಇದ್ದರೆ ಒತ್ತುತ್ತಾ ಹೋಗಿ. ಮೊದಮೊದಲು ಮೆತ್ತಗೆ ಇರುತ್ತದೆ. ಒಳಗೆ ಡೀಸೆಲ್ ತುಂಬುತ್ತಾ ಬಂದ ಹಾಗೆ ಗಟ್ಟಿಯಾಗುತ್ತದೆ. ಕೈಗೆ ಕಲ್ಲಿನ ಹಾಗೆ ಗಟ್ಟಿ ಅನಿಸುವ ತನಕ ಬಿಡಬೇಡಿ. ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಾದರೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಕೆಲವು ಸೆಕೆಂಡ್ ಕಾದು, ಆಫ್ ಮಾಡಿ. ಹೀಗೆ ನಾಲ್ಕೈದು ಸಲ. ಆಮೇಲೆ ಸೆಲ್ಫ್. ಒಂದು ಸಲಕ್ಕೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ. ಪಂಪಿಗೆ ಡೀಸೆಲ್ಲೇ ಗ್ರೀಸು, ಡೀಸೆಲ್ಲೇ ಆಯಿಲ್. ಏರ್ ಇಟ್ಟುಕೊಂಡು ಸುಮ್ನೆ ಸೆಲ್ಫ್ ಹೊಡೆಯುತ್ತಾ ಹೋದರೆ ಪಂಪ್ ಒಣಗಿ ತೇಯುತ್ತದೆ. ಹಳೇ ಗಾಡಿಗಳಲ್ಲಿ ಮಾಡುತ್ತಿದ್ದಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವುದನ್ನು ಕಾಮನ್ ರೈಲ್‌ನಲ್ಲಿ ಯಾವತ್ತೂ ಮಾಡಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಾಡಿ ಸ್ಟಾರ್ಟ್ ಆಯಿತು, ಎಲ್ಲೂ ಸೋರುತ್ತಿಲ್ಲ. ಆದರೆ ಮಾರನೇ ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಈ ದೂರು ನನಗೆ ವಾರಕ್ಕೊಂದಾದರೂ ಬರುತ್ತದೆ. ಟ್ಯಾಂಕಿನಲ್ಲಿ ಪಂಪ್ ಇಲ್ಲದ ಗಾಡಿಗಳಲ್ಲಿ ಎಂಜಿನ್ ಪಂಪೇ ಡೀಸೆಲ್ ಎಳೆದುಕೊಳ್ಳುತ್ತದೆ. ಅಂಥಲ್ಲಿ ಪೈಪಿನ ಜೋಡಣೆಯಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಕೆಳಗೆ ಬೀಳುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ನಾನು ಫಿಲ್ಟರ್ ಆದ ಮೇಲಿನ ಪೈಪಿಗೆ ಒಂದು ಗೇಣು ಪಾರದರ್ಶಕ ಪೈಪ್ ಜೋಡಿಸಿ ಎಂಜಿನ್ ಓಡಿಸುತ್ತೇನೆ. ಸೋಡಾದಲ್ಲಿ ಏಳುವಂಥ ಸಣ್ಣ ಗುಳ್ಳೆಗಳು ಸಾಲಾಗಿ ಓಡಿದರೆ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಹತ್ತರಲ್ಲಿ ಎಂಟು ಸಲ ಹಳೇ ಓ-ರಿಂಗ್ ಅಥವಾ ಸಡಿಲವಾದ ಕ್ಲಿಪ್ಪೇ ಕಾರಣ.

ಫಿಲ್ಟರ್ ಬದಲಿಸುವುದು ಯಾವಾಗ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ. ಆದರೆ ನೀರು ತೆಗೆಯಲು ಅಷ್ಟು ದಿನ ಕಾಯಬೇಡಿ. ನೀರು ಡೀಸೆಲ್‌ಗಿಂತ ಭಾರ, ಫಿಲ್ಟರ್‌ನ ತಳದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ, ಚಳಿಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ರಾತ್ರಿ ಬೆವರುತ್ತದೆ. ಆ ನೀರೂ ಇಲ್ಲಿಗೇ ಬರುತ್ತದೆ. ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಪ್ರತಿ ಸಲವೂ ನೀರು ಸಿಗುತ್ತಿದ್ದರೆ ಟ್ಯಾಂಕ್ ಮುಚ್ಚಳ ನೋಡಿ, ಡೀಸೆಲ್ ಹಾಕಿಸುವ ಜಾಗ ನೋಡಿ. ತೋಟದ ಮನೆಯಲ್ಲಿ ಡ್ರಮ್‌ನಲ್ಲಿ ಡೀಸೆಲ್ ಇಡುವವರಿಗೆ ಒಂದು ಮಾತು: ತಳದ ನಾಲ್ಕು ಬೆರಳಿನಷ್ಟನ್ನು ಗಾಡಿಗೆ ಹಾಕಬೇಡಿ. ಅದನ್ನು ಮಣ್ಣಿಗೂ ಸುರಿಯಬೇಡಿ, ವೇಸ್ಟ್ ಆಯಿಲ್ ಡಬ್ಬಕ್ಕೆ ಹಾಕಿಡಿ.

ಬಿಚ್ಚಿದ ಹಳೇ ಫಿಲ್ಟರ್ ಹಾಗೇ ಎಸೆಯಬೇಡಿ. ಕತ್ತರಿಸಿ ಒಳಗಿನ ಪೇಪರ್ ಬಿಡಿಸಿ ಬಿಸಿಲಲ್ಲಿ ನೋಡಿ. ಕಪ್ಪಗಿದ್ದರೆ ಗಾಬರಿ ಬೇಡ. ಕೆಂಪು ಪುಡಿ ಇದ್ದರೆ ಟ್ಯಾಂಕ್ ತುಕ್ಕು ಹಿಡಿಯುತ್ತಿರಬಹುದು. ಪಾಚಿಯ ಥರ ಲೋಳೆ ಇದ್ದರೆ ನೀರಿನ ಜೊತೆ ಬ್ಯಾಕ್ಟೀರಿಯಾ ಬೆಳೆದಿದೆ, ಟ್ಯಾಂಕ್ ಇಳಿಸಿ ತೊಳೆಯಬೇಕು. ಬೆಳ್ಳಿ ಪುಡಿಯ ಹಾಗೆ ಮಿನುಗುವುದು ಕಂಡರೆ ಪಂಪೇ ತೇಯುತ್ತಿರಬಹುದು, ಆ ಪುಡಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ಜೊತೆ ಟ್ಯಾಂಕಿಗೂ ಸೇರಿರುತ್ತದೆ. ಅಂಥ ಗಾಡಿಗೆ ಹೊಸ ಫಿಲ್ಟರ್ ಹಾಕಿ ಲೋಡ್‌ಗೆ ಕಳಿಸಬೇಡಿ. ಅವತ್ತು ಅದನ್ನು ನಿಲ್ಲಿಸಿ, ಪಂಪ್ ಬಿಚ್ಚಿ ನೋಡುವವರ ಹತ್ತಿರ ಒಯ್ಯಿರಿ. ಹೋಗುವಾಗ ಆ ಪೇಪರನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ.