ಟೈರ್‌ನ ಸವೆತ ಬೇರೆ, ವಯಸ್ಸು ಬೇರೆ

ರಸ್ತೆಯಲ್ಲಿ ಓಡಿ ಸವೆದ ಟೈರ್‌ಗಳನ್ನು ಬಿಸಾಡುವ ಬದಲು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿ ಮುಗಿಸಿಬಿಡಬಹುದೇ ಎಂಬ ಪ್ರಶ್ನೆ, ಹವ್ಯಾಸಕ್ಕಾಗಿ ಟ್ರ್ಯಾಕ್‌ಗೆ ಕಾರು ಒಯ್ಯುವವರಿಗೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಟ್ರ್ಯಾಕ್ ಹೇಗೂ ರಬ್ಬರನ್ನು ತಿಂದುಹಾಕುತ್ತದೆ, ಅದಕ್ಕೆ ಹೊಸ ಟೈರ್ ಏಕೆ ಬಲಿಯಾಗಬೇಕು ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಉಳಿತಾಯವಷ್ಟೇ ಅಲ್ಲ, ಒಳ್ಳೆಯ ಭೌತವಿಜ್ಞಾನವೂ ಇದೆ. ಟೈರ್ ಎಷ್ಟು ಸವೆದಿದೆ ಎಂಬುದನ್ನು ಮಾತ್ರ ನೋಡಿ, ಅದಕ್ಕೆ ಎಷ್ಟು ವಯಸ್ಸಾಗಿದೆ ಎಂಬುದನ್ನು ನೋಡದಿದ್ದಾಗ ಲೆಕ್ಕ ತಪ್ಪುತ್ತದೆ.

ಪೆನ್ಸಿಲ್ ಗೀಟು ಅಳಿಸುವ ಹೊಸ ರಬ್ಬರೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಒತ್ತುತ್ತಲೇ ಪಕ್ಕಕ್ಕೆ ತಳ್ಳಿ ನೋಡಿ. ಅದು ಸೊಂಟ ಬಾಗಿಸುತ್ತದೆ, ಬುಡದ ಒಂದು ಅಂಚು ಮೇಜನ್ನು ಬಿಟ್ಟು ಮೇಲೇಳುತ್ತದೆ. ಸವೆದು ಗಿಡ್ಡವಾದ ತುಂಡನ್ನು ಹಾಗೆಯೇ ತಳ್ಳಿದರೆ ಅದು ಅಷ್ಟಾಗಿ ಬಾಗದೆ ಬುಡವನ್ನು ಪೂರ್ತಿ ಊರಿ ನಿಲ್ಲುತ್ತದೆ. ಹೊಸ ಕಾರ್ ಟೈರ್‌ನ ಮೇಲ್ಮೈಯಲ್ಲಿರುವ, ಸುಮಾರು 8 ಮಿ.ಮೀ. ಎತ್ತರದ ರಬ್ಬರ್ ಉಬ್ಬುಗಳಿಗೂ ತಿರುವಿನಲ್ಲಿ ಇದೇ ಆಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ, 2 ಮೀಟರ್ ಸುತ್ತಳತೆಯ ಚಕ್ರ ಸೆಕೆಂಡಿಗೆ ಸುಮಾರು 14 ಸಲ ಸುತ್ತುವುದರಿಂದ ಪ್ರತಿ ಉಬ್ಬೂ ಅಷ್ಟೇ ಸಲ ಬಾಗಿ ನೆಟ್ಟಗಾಗಬೇಕು. ಬಾಗುವಾಗ ಪಡೆದ ಶಕ್ತಿಯನ್ನು ರಬ್ಬರ್ ಪೂರ್ತಿಯಾಗಿ ಹಿಂದಿರುಗಿಸದೆ ಒಂದು ಪಾಲನ್ನು ಶಾಖವಾಗಿ ಒಳಗೇ ಉಳಿಸಿಕೊಳ್ಳುತ್ತದೆ. ರಸ್ತೆಯಲ್ಲಿ ಈ ಶಾಖ ಗಾಳಿಗೆ ಹೋಗಿಬಿಡುತ್ತದೆ; ಟ್ರ್ಯಾಕ್‌ನಲ್ಲಿ ಒಂದು ತಿರುವಿನ ಬಿಸಿ ಆರುವ ಮೊದಲೇ ಇನ್ನೊಂದು ತಿರುವು ಬರುವುದರಿಂದ ಉಬ್ಬುಗಳು ಮೆತ್ತಗಾಗಿ, ಅಂಚಿನಿಂದ ತುಂಡುತುಂಡಾಗಿ ಕಿತ್ತುಬರತೊಡಗುತ್ತವೆ. ರಸ್ತೆ ಟೈರ್‌ಗಳಲ್ಲೇ ಸ್ಪರ್ಧಿಸುವ ಕೆಲವರು ಹೊಚ್ಚಹೊಸ ಟೈರನ್ನು ಯಂತ್ರಕ್ಕೆ ಕೊಟ್ಟು, ಅರ್ಧದಷ್ಟು ರಬ್ಬರನ್ನು ಹೆರೆಸಿ ತೆಗೆಸುವುದು ಇದೇ ಕಾರಣಕ್ಕೆ.

ಹಾಗಾದರೆ ರಸ್ತೆಯೇ ಬಿಟ್ಟಿಯಾಗಿ ಹೆರೆದುಕೊಟ್ಟ ಟೈರ್ ಏಕಾಗಬಾರದು? ಹೆರೆಸಿದ ಟೈರ್‌ನ ಎತ್ತರ ಕಡಿಮೆಯಾದರೂ ಅದರ ರಬ್ಬರ್ ಹೊಸದು. ರಸ್ತೆಯಲ್ಲಿ ಸವೆದದ್ದು ವರ್ಷಗಟ್ಟಲೆ ಬಿಸಿಲು, ಗಾಳಿ, ಶಾಖಗಳನ್ನು ಉಂಡಿರುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ, ಗಂಧಕದೊಡನೆ ಕಾಯಿಸಿದಾಗ ರಬ್ಬರ್‌ನ ಉದ್ದುದ್ದ ಅಣುಸರಪಳಿಗಳ ನಡುವೆ ಕೊಂಡಿಗಳು ಬೆಸೆದುಕೊಂಡು ಅದಕ್ಕೆ ಗಟ್ಟಿತನವೂ ಪುಟಿತವೂ ಬರುತ್ತವೆ. ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಈ ಬದಲಾವಣೆ ನಿಲ್ಲುವುದಿಲ್ಲ. ಶಾಖ ಮತ್ತು ಆಮ್ಲಜನಕ ಸೇರಿ ಕೊಂಡಿಗಳನ್ನು ಹೆಚ್ಚಿಸುತ್ತ ಹೋಗುತ್ತವೆ, ರಬ್ಬರನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಶ ನಿಧಾನವಾಗಿ ಕಳೆದುಹೋಗುತ್ತದೆ. ಟೈರ್‌ನ ಹಿಡಿತದ ದೊಡ್ಡ ಪಾಲು ಹುಟ್ಟುವುದು, ಡಾಂಬರಿನ ಕಣ್ಣಿಗೆ ಕಾಣದ ಕುಳಿಗಳಿಗೂ ರಬ್ಬರ್ ಇಳಿದು ಕೂರುವುದರಿಂದ. ಗಟ್ಟಿಯಾದ ರಬ್ಬರ್, ಡಾಂಬರಿನ ಏರುಗಳ ತುದಿಯನ್ನಷ್ಟೇ ಮುಟ್ಟಿ ಜಾರುತ್ತದೆ.

ಆದ್ದರಿಂದ ನಾನು ಮೊದಲು ನೋಡುವುದು ಟೈರ್‌ನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು. 2319 ಎಂದಿದ್ದರೆ ಆ ಟೈರ್ 2019ರ 23ನೇ ವಾರದಲ್ಲಿ ತಯಾರಾದದ್ದು. ಆಮೇಲೆ ಉಬ್ಬುಗಳ ನಡುವಿನ ತೋಡುಗಳ ಬುಡವನ್ನು ಸ್ವಲ್ಪ ಅಗಲಿಸಿ, ಬೆಳಕಿಗೆ ಹಿಡಿದು, ಕೂದಲೆಳೆಯಂಥ ಬಿರುಕುಗಳಿವೆಯೇ ಎಂದು ಹುಡುಕುತ್ತೇನೆ. ಉಬ್ಬನ್ನು ಉಗುರಿನಿಂದ ಒತ್ತಿದಾಗ ಹೊಸ ಟೈರ್‌ನಷ್ಟು ತಗ್ಗದಿದ್ದರೆ, ಸವೆತ ಎಷ್ಟೇ ಕಡಿಮೆಯಿದ್ದರೂ ಅದು ಟ್ರ್ಯಾಕ್‌ಗೆ ಹೊಂದುವುದಿಲ್ಲ. ಪಂಕ್ಚರ್ ಹಾಕಿಸಿದ್ದು, ಪಕ್ಕ ಉಬ್ಬಿಕೊಂಡದ್ದು, ಟೈರ್ ತಾಳುವ ವೇಗವನ್ನು ಸೂಚಿಸಲು ಪಕ್ಕದಲ್ಲಿ ಒತ್ತಿರುವ ಅಕ್ಷರ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ಮಿತಿ ತೋರಿಸುವುದು ಬೇಡವೇ ಬೇಡ.

ಉಳಿದ ರಬ್ಬರನ್ನು ಅಳೆಯುವಾಗ ನಡುವಿನ ತೋಡನ್ನಷ್ಟೇ ನೋಡಿದರೆ ಸಾಲದು. ತಿರುವಿನಲ್ಲಿ ಕಾರು ಹೊರಕ್ಕೆ ವಾಲುವುದರಿಂದ ಮುಂದಿನ ಟೈರ್‌ಗಳ ಹೊರ ಅಂಚು ಎಲ್ಲಕ್ಕಿಂತ ಬೇಗ ಕರಗುತ್ತದೆ. ತೋಡಿನ ಬುಡಕ್ಕೂ ಅದರ ಕೆಳಗಿನ ಉಕ್ಕಿನ ತಂತಿಪಟ್ಟಿಗೂ ನಡುವೆ ಇರುವುದು ರಬ್ಬರ್‌ನ ತೆಳುವಾದ ಪದರ ಮಾತ್ರ. ಒಂದು ಸುತ್ತಾಟ ಮುಗಿಸಿ ಬಂದು ಆ ಅಂಚನ್ನು ನೋಡಿದಾಗ ಒಳಗಿನ ನೂಲು ಅಥವಾ ತಂತಿಯ ಎಳೆ ಕಂಡರೆ ಆ ಟೈರ್‌ನ ಆಯುಸ್ಸು ಅಲ್ಲಿಗೆ ಮುಗಿಯಿತು. ಇನ್ನೊಂದೇ ಸುತ್ತು ಎಂದು ಮತ್ತೆ ಇಳಿಯುವುದು ಜೀವವನ್ನು ಪಣಕ್ಕಿಟ್ಟಂತೆ.

ಗಾಳಿಯ ಒತ್ತಡವೂ ಸುಮ್ಮನಿರುವುದಿಲ್ಲ. ತಣ್ಣಗಿದ್ದಾಗ, ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 32 ಪಿಎಸ್‌ಐ ತುಂಬಿದ ಟೈರ್‌ನ ಒಳಗಾಳಿ 80 ಡಿಗ್ರಿಗೆ ಏರಿದರೆ, ಅನಿಲ ನಿಯಮದ ಪ್ರಕಾರ ಒತ್ತಡ ಸುಮಾರು 40 ಪಿಎಸ್‌ಐ ದಾಟುತ್ತದೆ. ಆಗ ಟೈರ್‌ನ ನಡುಭಾಗ ಉಬ್ಬಿ ನೆಲಕ್ಕೆ ತಾಗುವ ಜಾಗ ಕುಗ್ಗುವುದರಿಂದ, ಬಿಸಿಯಿದ್ದಾಗಲೇ ಅಳೆದು ಸರಿಪಡಿಸಿಕೊಳ್ಳಬೇಕು. ಮನೆಗೆ ಹೊರಡುವ ಮುನ್ನ ಟೈರ್ ಆರಿದ ಮೇಲೆ ಮತ್ತೆ ತುಂಬಬೇಕು.

ಇಷ್ಟೆಲ್ಲ ಒಣ ನೆಲದ ಮಾತು. ಮಳೆ ಬಂದರೆ ತೋಡುಗಳ ಆಳವೇ ಎಲ್ಲ. ನೀರಿಗೆ ಹರಿದುಹೋಗಲು ದಾರಿಯಿಲ್ಲದಿದ್ದಾಗ ಟೈರ್ ನೀರಿನ ಪದರವನ್ನೇರಿ ತೇಲುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಹಗುರಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ಕೇಳುವುದಿಲ್ಲ. ಅನೇಕ ದೇಶಗಳ ಕಾನೂನು ರಸ್ತೆಗೆ ಕನಿಷ್ಠ 1.6 ಮಿ.ಮೀ. ಆಳ ಕೇಳುತ್ತದೆ, ಬೆಳಿಗ್ಗೆ 3 ಮಿ.ಮೀ. ಇದ್ದ ಟೈರ್ ಸಂಜೆಯ ಹೊತ್ತಿಗೆ ಆ ಗೆರೆಯ ಕೆಳಗಿಳಿದಿರಬಹುದು. ಎಳೆಯ ವಯಸ್ಸಿನ, ಗಾಯವಿಲ್ಲದ, ಅಂಚಿನಲ್ಲೂ 3ರಿಂದ 5 ಮಿ.ಮೀ. ಉಳಿದಿರುವ ಟೈರನ್ನು ನಾನು ಒಣ ದಿನದ ಟ್ರ್ಯಾಕ್‌ಗೆ ಸಂತೋಷದಿಂದ ಹಾಕುತ್ತೇನೆ; ಆದರೆ ಮರಳಿ ಬರುವ ದಾರಿಗೆ ಬೇರೆ ನಾಲ್ಕು ಚಕ್ರಗಳನ್ನು ಜೊತೆಗೆ ಒಯ್ಯುತ್ತೇನೆ.