ಗಂಡ, ಹೆಂಡತಿಗೆ ಚಿಕಿತ್ಸೆ: ಒಂಟಾರಿಯೋ ಕಾನೂನಿನ ಟಿಪ್ಪಣಿ

ಕೆನಡಾದ ಒಂಟಾರಿಯೋದಲ್ಲಿ ಆರೋಗ್ಯ ವೃತ್ತಿಯ ಲೈಸೆನ್ಸ್‌ಗೆ ಓದುತ್ತಿರುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಹೆಂಡತಿಯ ಹಲ್ಲು ಕ್ಲೀನ್ ಮಾಡಿದರೆ, ಗಂಡನ ಸೊಂಟನೋವಿಗೆ ಚಿಕಿತ್ಸೆ ಕೊಟ್ಟರೆ ತಪ್ಪೇನು ಅಂತ ನಮಗೆ ಅನ್ನಿಸುತ್ತೆ. ಭಾರತದ ವೈದ್ಯರ 2002ರ ನಡವಳಿಕೆ ನಿಯಮಗಳು ರೋಗಿಯ ಜೊತೆ ಅನುಚಿತವಾಗಿ ನಡೆದುಕೊಳ್ಳುವುದನ್ನು ವೃತ್ತಿ ದುರ್ನಡತೆ ಅನ್ನುತ್ತವೆ. ಸ್ವಂತ ಗಂಡ, ಹೆಂಡತಿಗೆ ಚಿಕಿತ್ಸೆ ಕೊಡಬಾರದು ಅಂತ ಅಲ್ಲಿ ಪ್ರತ್ಯೇಕ ನಿಯಮವಿಲ್ಲ. ಆ ಅಭ್ಯಾಸದಲ್ಲೇ ಒಂಟಾರಿಯೋಗೆ ಹೋದರೆ ಕಷ್ಟ.

ಅಲ್ಲಿ 1991ರ ಆರೋಗ್ಯ ವೃತ್ತಿಗಳ ಕಾಯ್ದೆ ಇದೆ. ಅದಕ್ಕೆ 1993ರಲ್ಲಿ ಮಾಡಿದ ತಿದ್ದುಪಡಿ ರೋಗಿಯ ಜೊತೆಗಿನ ಯಾವುದೇ ದೈಹಿಕ ಸಂಬಂಧವನ್ನು ಲೈಂಗಿಕ ದೌರ್ಜನ್ಯ ಅಂತಲೇ ಕರೆಯಿತು. ಸಂಭೋಗ ನಡೆದಿದ್ದರೆ ನೋಂದಣಿ ರದ್ದು, ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಶಿಸ್ತು ಸಮಿತಿ ಕೇಳುವುದು ಎರಡೇ ಪ್ರಶ್ನೆ: ಇವರು ನಿಮ್ಮ ರೋಗಿಯೇ? ಅದೇ ಸಮಯದಲ್ಲಿ ಸಂಬಂಧ ಇತ್ತೇ? ಒಪ್ಪಿಗೆ ಇತ್ತು, ಪ್ರೀತಿ ಇತ್ತು ಅನ್ನೋ ಉತ್ತರ ಅಲ್ಲಿ ನಡೆಯುವುದಿಲ್ಲ. 2010ರಲ್ಲಿ ಜೊತೆಗೇ ವಾಸವಿದ್ದ ಸಂಗಾತಿಗೆ ಚಿಕಿತ್ಸೆ ಕೊಟ್ಟ ಕೈರೋಪ್ರಾಕ್ಟರ್ (ಬೆನ್ನು, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವವರು) ಒಬ್ಬರ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೇ ಹೇಳಿತು.

ಇಷ್ಟು ಬಿಗಿ ಯಾಕೆ? ಪ್ರತಿ ಸಲವೂ "ಅದು ನಿಜವಾದ ಪ್ರೀತಿಯಾ?" ಅಂತ ವಿಚಾರಣೆ ಶುರುವಾದರೆ ದೂರು ಕೊಟ್ಟ ರೋಗಿಯೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತೆ. ಹಾಗಾಗಬಾರದು ಅಂತಲೇ ಈ ಕಾನೂನು. ಆ ಕಾಳಜಿ ಸರಿ ಅಂತ ನನಗೂ ಅನ್ನಿಸುತ್ತೆ.

ಆದರೆ 2021ರಲ್ಲಿ ಮೇಲ್ಮನವಿ ತೀರ್ಪು ಬಂದ ಡೆಂಟಲ್ ಹೈಜೀನಿಸ್ಟ್ (ಹಲ್ಲು ಕ್ಲೀನ್ ಮಾಡುವ ವೃತ್ತಿಯವರು) ಒಬ್ಬರ ಪ್ರಕರಣ ಓದಿದರೆ ಮನಸ್ಸಿಗೆ ಕಷ್ಟವಾಗುತ್ತೆ. ಅವರು ಹಲ್ಲಿನ ಚಿಕಿತ್ಸೆಗೆ ಹೆದರುತ್ತಿದ್ದ ಗೆಳತಿಯೊಬ್ಬರ ಹಲ್ಲು ಕ್ಲೀನ್ ಮಾಡುತ್ತಿದ್ದರು. ಸಂಬಂಧ ಬೆಳೆದಾಗ ನಿಲ್ಲಿಸಿದರು. ನಿಯಮ ಬದಲಾಗಿದೆ ಅಂತ ಸಹೋದ್ಯೋಗಿ ಹೇಳಿದ್ದನ್ನು ನಂಬಿ ಮತ್ತೆ ಶುರು ಮಾಡಿದರು. ನಿಯಮ ಆಗ ಬದಲಾಗಿರಲಿಲ್ಲ. ಆಮೇಲೆ ಇಬ್ಬರೂ ಮದುವೆಯಾದರು. ದೂರು ಕೊಟ್ಟಿದ್ದು ಹೆಂಡತಿ ಅಲ್ಲ, ಬೇರೆ ಯಾರೋ. ನೋಂದಣಿ ಹೋಯಿತು, ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನಿಜವಾಗಿ ದೌರ್ಜನ್ಯ ಮಾಡಿದವನಿಗೂ ಇವರಿಗೂ ಒಂದೇ ಹಣೆಪಟ್ಟಿ ಹಚ್ಚುವುದು ಅನ್ಯಾಯ ಅನ್ನೋದೇ ನನ್ನ ಅಭಿಪ್ರಾಯ.

ವಿನಾಯಿತಿ ಇಲ್ಲವೇ ಅಂದರೆ, ಇದೆ. 2013ರ ತಿದ್ದುಪಡಿಯಿಂದ ಪ್ರತಿ ವೃತ್ತಿಯ ನಿಯಂತ್ರಣ ಮಂಡಳಿಯೂ ತನ್ನ ಸದಸ್ಯರಿಗೆ ಸಂಗಾತಿ ವಿನಾಯಿತಿ ಕೇಳಬಹುದು. ಸರ್ಕಾರ ನಿಯಮ ಹೊರಡಿಸಿದರೆ ಮಾತ್ರ ಅದು ಜಾರಿ. ಹೈಜೀನಿಸ್ಟ್‌ಗಳಿಗೆ ಅದು ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ, ಅಂದರೆ ಮೇಲೆ ಹೇಳಿದ ಹೈಜೀನಿಸ್ಟ್‌ಗೆ ಶಿಸ್ತು ಸಮಿತಿಯಿಂದ ಶಿಕ್ಷೆಯಾದ ನಂತರ. ವೈದ್ಯರಿಗೆ ಈ ವಿನಾಯಿತಿ ಇಲ್ಲ. ಅವರು ಮನೆಯವರನ್ನು ನೋಡಬಹುದಾದದ್ದು ತುರ್ತು ಇದ್ದಾಗ ಅಥವಾ ಸಣ್ಣಪುಟ್ಟ ತೊಂದರೆಗೆ. ಅದೂ ಆದಷ್ಟು ಬೇಗ ಬೇರೆ ವೈದ್ಯರಿಗೆ ವಹಿಸುವ ಪ್ರಯತ್ನ ಮಾಡಬೇಕು.

ಜಾಸ್ತಿ ಜನ ಎಡವುವುದು "ರೋಗಿ" ಯಾರು ಅನ್ನೋದರಲ್ಲಿ. 2018ರ ನಿಯಮದ ಪ್ರಕಾರ ದುಡ್ಡು ತಗೊಂಡಿರಲೇಬೇಕು ಅಂತಿಲ್ಲ. ಆರೋಗ್ಯ ದಾಖಲೆಯಲ್ಲಿ ಬರೆದಿದ್ದರೂ ಸಾಕು, ಚೀಟಿಯ ಮೇಲೆ ಮಾತ್ರ ಸಿಗುವ ಔಷಧಿ ಬರೆದುಕೊಟ್ಟಿದ್ದರೂ ಸಾಕು. ಸುಮ್ನೆ ಮನೆಯಲ್ಲೇ ಕೂತು ಬರೆದ ಪ್ರಿಸ್ಕ್ರಿಪ್ಷನ್ ಕೂಡ ಲೆಕ್ಕಕ್ಕೆ ಬರುತ್ತೆ. ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ಅವರು ರೋಗಿಯೇ.

ಇನ್ನು ಒಂದು ಮಾದರಿ ಪ್ರಶ್ನೆ. ಹೈಜೀನಿಸ್ಟ್ ಒಬ್ಬರು ಎರಡು ವರ್ಷದಿಂದ ಗೆಳತಿಯ ಜೊತೆ ವಾಸವಿದ್ದಾರೆ, ಮದುವೆಯಾಗಿಲ್ಲ, ಅವಳ ಹಲ್ಲು ಕ್ಲೀನ್ ಮಾಡುತ್ತಾರೆ. ವಿನಾಯಿತಿ ಸಿಗುತ್ತಾ? ಇಲ್ಲ. ಮದುವೆ ಆಗಿರಬೇಕು, ಇಲ್ಲವಾದರೆ ದಂಪತಿಯಂತೆ ಕನಿಷ್ಠ ಮೂರು ವರ್ಷ ಸತತವಾಗಿ ಜೊತೆಗಿರಬೇಕು. ಆಗಲೂ ವೃತ್ತಿ ಮಾಡುತ್ತಿರುವ ಹೊತ್ತಿನಲ್ಲಿ ಕ್ಲಿನಿಕ್‌ನಲ್ಲಿ ಲೈಂಗಿಕ ನಡವಳಿಕೆಗೆ ಜಾಗವಿಲ್ಲ.